ಮುಳ್ಳು ಹಾಕಿದ ಮನೆ

ಮೌಸನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಕಂಪ್ಯೂಟರ್ ಪರದೆಯ ಮೇಲಿನ ಬಾಣ ಮೆಲ್ಲಗೆ ಅಲುಗಿತು. ಎಡಕ್ಕೆ ಸರಿಯಿತು, ಒಂದು ಗಳಿಗೆ ಯೋಚಿಸಿದ ಹಾಗೆ ನಿಂತಿತು, ಆಮೇಲೆ ಹಳದಿ ಫೋಲ್ಡರೊಂದನ್ನು ತೆರೆಯಿತು.

"ಬಂದ ನೋಡಿ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಬೀರಯ್ಯ. ಅವನ ಕೈ ತಾನಾಗಿಯೇ ಅಂಗಿಯೊಳಗಿನ ತಾಯಿತವನ್ನು ಹುಡುಕುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ರಾಧಾಮಣಿ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮಟಮಟ ಮಧ್ಯಾಹ್ನ. ಹೊರಗೆ ಲಾರಿಗಳು ಕಲ್ಲಿನ ದಿಮ್ಮಿ ಹೊತ್ತು ಕನಕಪುರದ ರಸ್ತೆಗೆ ಇಳಿಯುತ್ತಿದ್ದವು. ದೆವ್ವ ತಿರುಗಾಡುವ ಹೊತ್ತೂ ಅದಲ್ಲ, ಜಾಗವೂ ಅದಲ್ಲ. ಆದರೂ ಅವಳ ಬೆನ್ನು ತಣ್ಣಗಾಗಿದ್ದು ಸುಳ್ಳಲ್ಲ.

ಆ ಕಂಪ್ಯೂಟರ್ ಮನೋಹರನದು. ಈ ಗ್ರಾನೈಟ್ ಕ್ವಾರಿಯ ನಕ್ಷೆ ಬರೆಯುತ್ತಿದ್ದವನು ಅವನು. ಅದೇ ಕ್ವಾರಿಯ ಅಂಚಿನಿಂದ ಬಿದ್ದು ಸತ್ತು, ತಿಥಿಯೂ ಮುಗಿದಿತ್ತು. ಅವನನ್ನು ತಳ್ಳಿದನೆಂಬ ಅನುಮಾನದ ಮೇಲೆ ಕಲ್ಲೆತ್ತುವ ಹಿಟಾಚಿ ಯಂತ್ರ ಓಡಿಸುವ ತಿಮ್ಮೇಶ್ ಜೈಲಿನಲ್ಲಿದ್ದ. ಇಬ್ಬರಿಗೂ ಹಿಂದಿನ ದಿನ ಜಗಳವಾಗಿದ್ದನ್ನು ಇಡೀ ಕ್ವಾರಿಯೇ ಕಂಡಿತ್ತು. ತಿಮ್ಮೇಶನನ್ನು ಒಳಗೆ ಹಾಕಿದ ಕಾಗದದ ಮೇಲೆ ರಾಧಾಮಣಿಯದೇ ಸಹಿ.

ಅಂದಿನಿಂದ ತಿಮ್ಮೇಶನ ತಾಯಿ ಮುನಿತಾಯಮ್ಮ ಬೆಳಗಾದರೆ ಸಾಕು, ಸ್ಟೇಷನ್ ಎದುರಿನ ಹೊಂಗೆ ಮರದ ಕೆಳಗೆ ಕಂಬಳಿ ಹಾಸಿ ಕೂರುತ್ತಾಳೆ. ಅಳುವುದಿಲ್ಲ, ಬೈಯುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಸುಮ್ಮನೆ ನೋಡುತ್ತಾಳೆ. ಆ ನೋಟ ರಾಧಾಮಣಿಯ ಹಿಂದೆಯೇ ಮಾಗಡಿಯ ಅವಳ ಮನೆಗೂ ಬರುತ್ತದೆ, ಅವಳು ಊಟಕ್ಕೆ ಕೂತರೆ ಎದುರಿಗೆ ಕೂರುತ್ತದೆ. ತಪ್ಪು ಮನುಷ್ಯನನ್ನು ಹಿಡಿದೆನೇ ಎಂಬ ಅನುಮಾನ ಅವಳಿಗೆ ಅಂಟಿಕೊಂಡಿದ್ದು ಅಲ್ಲಿಂದ. ಮನೋಹರನ ಕಂಪ್ಯೂಟರ್ ನೋಡಲು ಇವತ್ತು ಕ್ವಾರಿ ಆಫೀಸಿಗೆ ಬಂದದ್ದೂ ಅದಕ್ಕೇ. ಬೇರೆ ದೆವ್ವಕ್ಕೆ ಹೆದರಲು ಅವಳಿಗೆ ಪುರುಸೊತ್ತೇ ಇರಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು.

ಮ್ಯಾನೇಜರ್ ಅನಂತರಾಜು ಬಾಗಿಲ ಹೊರಗೇ ನಿಂತಿದ್ದ. ಒಳಗೆ ಕಾಲಿಡುವ ಮನಸ್ಸು ಅವನಿಗೆ ಇದ್ದಂತಿರಲಿಲ್ಲ.

"ಅವ್ನನ್ನ ಮಣ್ಣು ಮಾಡಿ ನಾಲ್ಕೈದು ದಿನಕ್ಕೇ ಶುರುವಾಯ್ತು ಮೇಡಂ. ದಿನಾ ಬತ್ತದೆ, ಒಂದೆರಡು ಫೈಲು ಎತ್ಕೊಂಡು ಓಯ್ತದೆ."

"ನಮಗೆ ಯಾಕೆ ಹೇಳಲಿಲ್ಲ?"

"ಏನಂತ ಏಳೋದು? ಸತ್ತೋನು ಡ್ಯೂಟಿಗೆ ಬತ್ತಾವ್ನೆ ಅಂತ ಕಂಪ್ಲೇಂಟ್ ಬರ್ಕೊಡ್ಲಾ?"

ಕಂಪ್ಲೇಂಟ್ ಕೊಡುವ ಬದಲು ಅವನು ಪೂಜಾರಿಯನ್ನು ಕರೆಸಿದ್ದ. ಮಾನಿಟರಿಗೆ ನಿಂಬೆಹಣ್ಣು, ಒಣಮೆಣಸಿನಕಾಯಿ ಕಟ್ಟಿಸಿದ್ದ. ಕೀಬೋರ್ಡಿನ ಸಂದಿಗೊಂದಿಯೆಲ್ಲ ವಿಭೂತಿ ತುಂಬಿತ್ತು. ಇಷ್ಟೊಂದು ಸೇವೆ ಮಾಡಿಸಿಕೊಂಡ ಕಂಪ್ಯೂಟರ್ ಇಡೀ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. ಇಷ್ಟು ಭಕ್ತಿಯ ಮನುಷ್ಯ ಆ ಕೋಣೆಗೆ ಬೇರೆ ಯಾರನ್ನೂ ಬಿಡದೆ ಕಾದದ್ದು ಭಯಕ್ಕೋ, ಬೇರೆ ಕಾರಣಕ್ಕೋ ಎಂದು ರಾಧಾಮಣಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಪರದೆಯ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆಯೊಂದು ತೆರೆದುಕೊಂಡಿತ್ತು. ಅದರಲ್ಲಿ ಕನ್ನಡದಲ್ಲೇ ಒಂದು ಹೆಸರು: ಕೈಲಾಂಚ ಮನೆ.

"ಅದು ಅವ್ನ ಮನೆ ಕಂಪ್ಯೂಟರ್ ಮೇಡಂ," ಎಂದ ಅನಂತರಾಜು. "ಮನೇಲಿ ರೇಷ್ಮೆ ಹುಳ ಸಾಕವ್ರಲ್ಲ, ಬೆಳಿಗ್ಗೆ ಸೊಪ್ಪು ಹಾಕಿ ಬರೋಷ್ಟೊತ್ತಿಗೆ ತಡ ಆಗೋದು. ಅದಕ್ಕೆ ಮನೆಯಿಂದ್ಲೇ ಆಫೀಸ್ ಕಂಪ್ಯೂಟರಿಗೆ ರಿಮೋಟ್ ಹಾಕ್ಕೊಂಡಿದ್ದ. ಅಲ್ಲಿ ಕೂತು ಇಲ್ಲಿ ಫೈಲ್ ಎಳ್ಕೊಳೋನು, ಅಲ್ಲಿ ಮಾಡಿದ್ದನ್ನ ಇಲ್ಲಿಗೆ ಹಾಕೋನು."

"ಅಂದರೆ ಈಗ ಯಾರೋ ಆ ಮನೆಯಲ್ಲಿ ಕೂತಿದ್ದಾರೆ."

ಅನಂತರಾಜು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಆ ಮನೇಲಿ ಯಾರೂ ಇಲ್ಲ ಮೇಡಂ. ಕೆಟ್ಟ ನಕ್ಷತ್ರದಲ್ಲಿ ಓದ ಅಂತ ಮನೆ ಬುಟ್ಟವ್ರೆ. ಬೀಗ ಹಾಕಿ ಬಾಗ್ಲಿಗೆ ಮುಳ್ಳು ಹಾಕವ್ರೆ."

ಯಾರಾದರೂ ಕೆಟ್ಟ ಗಳಿಗೆಯಲ್ಲಿ ತೀರಿಕೊಂಡರೆ ಆ ಕಡೆಯ ಜನ ಮನೆಯನ್ನೇ ಬಿಟ್ಟು ಹೋಗುತ್ತಾರೆ. ಮೂರು ತಿಂಗಳು ಬಾಗಿಲಿಗೆ ಅಡ್ಡ ಮುಳ್ಳಿನ ಹೊರೆ. ಶಾಂತಿ ಮಾಡಿಸುವ ತನಕ ಕಳ್ಳನೂ ಆ ಹೊಸ್ತಿಲು ತುಳಿಯುವುದಿಲ್ಲ. ಇದು ರಾಧಾಮಣಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದರಿಂದಲೇ ಕೋಣೆಯ ಗಾಳಿ ಇನ್ನಷ್ಟು ಭಾರವಾದಂತಾಯಿತು.

ಬಾಣ ಮತ್ತೆ ಸರಿಯಿತು. ಈ ಸಲ ನಿಂತದ್ದು ಕೊನೆಗೆ ಉಳಿದಿದ್ದ ಒಂದೇ ಫೋಲ್ಡರಿನ ಮೇಲೆ. ಮನೋಹರ ಪ್ರತಿದಿನ ಸಂಜೆ ಬಂಡೆ ಎಲ್ಲಿಯವರೆಗೆ ಒಡೆದಿದೆ ಎಂದು ಫೋಟೊ ತೆಗೆಯುತ್ತಿದ್ದ; ತೆಗೆದದ್ದು ಆಗಿಂದಾಗಲೇ ತಾನಾಗಿ ಈ ಕಂಪ್ಯೂಟರಿಗೆ ಬಂದು ಸೇರುತ್ತಿತ್ತು. ಈ ಫೋಲ್ಡರಿನಲ್ಲಿದ್ದುದು ಅವನು ಸತ್ತ ಸಂಜೆಯ ಫೋಟೊಗಳು.

ಆ ಹೊತ್ತಿನಲ್ಲಿ ಕ್ವಾರಿಯ ಅಂಚಿನಲ್ಲಿ ಯಾರಿದ್ದರು, ತಿಮ್ಮೇಶ್ ಎಲ್ಲಿದ್ದ ಎಂಬುದಕ್ಕೆ ಇದ್ದ ಸಾಕ್ಷಿ ಅದೊಂದೇ. ಅದು ಹೋದರೆ ತಿಮ್ಮೇಶ್ ಹೋದ ಹಾಗೆಯೇ.

ರಾಧಾಮಣಿ ಇಂಟರ್ನೆಟ್ ವೈರಿಗೆ ಕೈ ಹಾಕಿದಳು. ಬೀರಯ್ಯ ಅವಳ ಮಣಿಕಟ್ಟು ಹಿಡಿದೇಬಿಟ್ಟ. ಇಷ್ಟು ವರ್ಷದಲ್ಲಿ ಅವನು ಹಾಗೆ ಮಾಡಿದವನಲ್ಲ.

"ಬ್ಯಾಡಿ ಮೇಡಂ! ಸತ್ತೋನು ಕೈಯಾರೆ ಕೆಲ್ಸ ಮಾಡ್ತಾವ್ನೆ. ಮಧ್ಯ ಓಗ್ಬಾರ್ದು. ನಿಮ್ಮ ಕಾಲಿಗೆ ಬೀಳ್ತೀನಿ!"

"ಬಿಡ್ರೀ ಕೈ!"

ಅವಳು ಕೈ ಕೊಸರಿಕೊಳ್ಳುವಷ್ಟರಲ್ಲಿ ಫೋಲ್ಡರ್ ಮಾಯವಾಗಿತ್ತು. ಇದ್ದ ಜಾಗದಲ್ಲಿ ನೀಲಿ ಬಯಲು ಮಾತ್ರ ಉಳಿದಿತ್ತು. ಬಾಣ ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ ನಿಶ್ಚಲವಾಯಿತು.

"ಜೀಪ್ ತೆಗೀರಿ," ಎಂದಳು ರಾಧಾಮಣಿ. "ಕೈಲಾಂಚಕ್ಕೆ."

*

ದಾರಿಯುದ್ದಕ್ಕೂ ಬೀರಯ್ಯ ಗೊಣಗುತ್ತಲೇ ಜೀಪು ಓಡಿಸಿದ. ರಸ್ತೆ ಬದಿಯ ಮುನೇಶ್ವರನ ಗುಡಿ ಕಂಡದ್ದೇ ಬ್ರೇಕ್ ಒತ್ತಿದ.

"ಒಂದು ನಿಂಬೆಹಣ್ಣು ಮಂತ್ರಿಸ್ಕೊಂಡು ಬಂದ್ಬುಡ್ತೀನಿ ಮೇಡಂ. ಒಸಿ ಹೊತ್ತು."

"ನಿಮಗೇನು ತಲೆ ಕೆಟ್ಟಿದೆಯಾ? ನಡೀರಿ!"

"ಮುಳ್ಳು ದಾಟೋ ಮನೆ. ಬರಿಗೈಲಿ ಓಗ್ಬಾರ್ದು."

ಅವಳು ಬೈದು ಮುಗಿಸುವಷ್ಟರಲ್ಲಿ ಅವನು ಇಳಿದೂ ಆಗಿತ್ತು. ಪೂಜಾರಿ ಸಿಗಲಿಲ್ಲ, ನಿಂಬೆಹಣ್ಣು ಸಿಕ್ಕಿತು, ಚಿಲ್ಲರೆ ಇರಲಿಲ್ಲ. ನಿವೃತ್ತಿಗೆ ಹತ್ತಿರವಾದ ಮನುಷ್ಯನ ಹೆದರಿಕೆಗೆ ನಗಬೇಕೋ, ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ರಾಧಾಮಣಿ ಜೀಪಿನಲ್ಲೇ ಕುದಿಯುತ್ತ ಕೂತಳು.

ಕೈಲಾಂಚದ ಆಚೆ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಆ ಮನೆ. ಸುಣ್ಣ ಬಳಿದ ಗೋಡೆ, ಹೊಸ ಶೀಟಿನ ಮಾಡು. ಬಾಗಿಲಿಗೆ ಅಡ್ಡವಾಗಿ ಜಾಲಿ ಮುಳ್ಳಿನ ದೊಡ್ಡ ಹೊರೆ. ರಾಧಾಮಣಿ ಸುತ್ತ ಒಂದು ಸುತ್ತು ಹಾಕಿದಳು. ಹಿತ್ತಿಲ ಬಾಗಿಲಿಗೂ ಮುಳ್ಳು. ಅದರ ಮೇಲೆ ಜೇಡ ಬಲೆ ಕಟ್ಟಿತ್ತು, ಬಲೆ ಎಲ್ಲೂ ಹರಿದಿರಲಿಲ್ಲ. ಕಿಟಕಿಗಳು ಒಳಗಿನಿಂದ ಮುಚ್ಚಿದ್ದವು.

ಗೋಡೆಯ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕಿವಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು.

ಮನೋಹರನ ತಾಯಿ ಕಾವೇರಮ್ಮ. ಮನೆ ಬಿಟ್ಟ ಮೇಲೆ ಅತ್ತೆ ಸೊಸೆ ಇಬ್ಬರೂ ತೋಟದ ಹುಳು ಮನೆಯ ಜಗಲಿಯಲ್ಲೇ ಸಂಸಾರ ಹೂಡಿದ್ದರು. ಹುಳುಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ಮುಕ್ಕುವ ಹೊತ್ತು. ಒಳಗಿನಿಂದ ಎಡೆಬಿಡದೆ ಸರಸರ ಸದ್ದು ಕೇಳುತ್ತಿತ್ತು. ಸೊಸೆ ನವ್ಯಶ್ರೀ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಪೊಲೀಸರನ್ನು ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಅಮ್ಮಾ, ಬಾಗಿಲು ತೆಗೆಯಬೇಕು," ಎಂದಳು ರಾಧಾಮಣಿ.

ಕಾವೇರಮ್ಮ ಕಿವಿಯನ್ನು ಗೋಡೆಯಿಂದ ತೆಗೆಯಲಿಲ್ಲ. "ಆಗಕ್ಕಿಲ್ಲ ತಾಯಿ."

"ಒಳಗೆ ಯಾರೋ ಕೆಲಸ ಮಾಡ್ತಿದ್ದಾರೆ."

"ಗೊತ್ತು. ನನ್ನ ಮಗ." ಮುದುಕಿ ತೀರಾ ಸಾಮಾನ್ಯ ಮಾತೆಂಬಂತೆ ಹೇಳಿದಳು. "ಬಂದು ಕೇಳಿ ಬೇಕಾದ್ರೆ."

ರಾಧಾಮಣಿ ಬಗ್ಗಿ ಗೋಡೆಗೆ ಕಿವಿ ಕೊಟ್ಟಳು. ಒಳಗೆ ಸಣ್ಣಗೆ ಗುಂಯ್ ಎಂಬ ಸದ್ದು. ನಡುನಡುವೆ ಜೋರಾಗಿ, ಮತ್ತೆ ತಗ್ಗುತ್ತಿತ್ತು. ಕಂಪ್ಯೂಟರಿನ ಫ್ಯಾನು ಎಂದು ಅವಳ ಬುದ್ಧಿ ಹೇಳಿತು.

"ಅವ್ನಿದ್ದಾಗ್ಲೂ ಇದೇ ಸದ್ದು," ಎಂದಳು ಕಾವೇರಮ್ಮ. "ನಾನು ಈ ಕಡೆ ಸೊಪ್ಪು ಕೊಯ್ತಿದ್ರೆ ಆ ಕಡೆ ಅವ್ನು ಕೆಲ್ಸ ಮಾಡ್ತಿದ್ದ. ಈಗ್ಲೂ ಮಾಡ್ತಾವ್ನೆ. ದಿನಾ ಒಂದೊತ್ತು ಬಂದು ಕೂತ್ಕೋತೀನಿ. ನೀವು ಬಾಗ್ಲು ತೆಗುದ್ರೆ ಅವ್ನು ಓಯ್ತಾನೆ."

ರಾಧಾಮಣಿ ಗೋಡೆಯಿಂದ ಕಿವಿ ತೆಗೆದು ಮುದುಕಿಯ ಕಡೆ ತಿರುಗಿದಳು.

"ಅದು ಯಂತ್ರದ ಸದ್ದು ಕಣಮ್ಮ. ಮನೆ ಬಿಡುವಾಗ ಯಾಕೆ ಆರಿಸಲಿಲ್ಲ?"

ಉತ್ತರ ಕೊಟ್ಟವಳು ನವ್ಯಶ್ರೀ. "ಒಳಗೆ ದೀಪ ಆರಬಾರದು ಅಂದ್ರು ಮೇಡಂ. ಎಣ್ಣೆ ಹಾಕೋಕೆ ಒಳಗೆ ಹೋಗಂಗಿಲ್ಲವಲ್ಲ. ಅದಕ್ಕೆ ಕರೆಂಟಿನ ಸಣ್ಣ ಬಲ್ಬು ಹಾಕಿ ಬಂದ್ವಿ, ಮೇನ್ ಆಫ್ ಮಾಡಲಿಲ್ಲ. ಅವರು ಕಂಪ್ಯೂಟರನ್ನ ಯಾವತ್ತೂ ಆರಿಸ್ತಿರಲಿಲ್ಲ, ಆಫೀಸಿಂದ ಸಿಗಬೇಕು ಅಂತ. ಆ ಗಲಾಟೇಲಿ ಯಾರಿಗೂ ನೆನಪೇ ಆಗಲಿಲ್ಲ."

ಸತ್ತವನ ದಾರಿಗೆಂದು ಹಚ್ಚಿದ ಬೆಳಕು ಅವನ ಕಂಪ್ಯೂಟರಿಗೂ ಕರೆಂಟು ಕೊಟ್ಟಿತ್ತು. ಇಂಥ ಎಡವಟ್ಟು ಭಕ್ತಿಯಿಂದ ಮಾತ್ರ ಆಗಲು ಸಾಧ್ಯ ಎಂದುಕೊಂಡಳು ರಾಧಾಮಣಿ. ಯಾರೋ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದರು.

"ಮೇಡಂ, ವಾಪಸ್ ಓಗುಮಾ," ಬೀರಯ್ಯ ಹಿಂದಿನಿಂದ ಮೆಲ್ಲಗೆ ಅಂದ. "ಮೂರು ತಿಂಗಳು ತುಂಬ್ಲಿ. ಶಾಂತಿ ಆದ್ಮೇಲೆ ನೋಡುಮಾ."

ಕಾವೇರಮ್ಮ ಎದ್ದು ಮುಳ್ಳಿಗೆ ಬೆನ್ನು ಕೊಟ್ಟು ನಿಂತಳು. "ಈ ಬಾಗ್ಲು ತೆಗುದ್ರೆ ಇನ್ನೊಂದು ಜೀವ ಓಯ್ತದೆ. ಉಳ್ದಿರೋಳು ಇವಳೊಬ್ಬಳು. ಬ್ಯಾಡಿ ತಾಯಿ. ನಿಮ್ಗೂ ಮಕ್ಳುಮರಿ ಇರ್ತವೆ."

ಕಾನೂನು ತೋರಿಸಿ ಮುದುಕಿಯನ್ನು ಪಕ್ಕಕ್ಕೆ ಸರಿಸಬಹುದಿತ್ತು. ರಾಧಾಮಣಿಗೆ ಮನಸ್ಸು ಬರಲಿಲ್ಲ. ಅವಳು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಳು.

"ನಮ್ಮ ಸ್ಟೇಷನ್ ಮುಂದೆ ಒಬ್ಬಳು ತಾಯಿ ಕೂತಿದ್ದಾಳೆ. ನಿಮ್ಮ ಹಾಗೇ. ಅವಳ ಮಗನ ಹೆಸರು ತಿಮ್ಮೇಶ."

"ನನ್ನ ಮಗನ್ನ ಕೊಂದೋನು!"

"ಕೊಂದನೋ ಇಲ್ಲವೋ ನನಗೆ ಗೊತ್ತಿಲ್ಲಮ್ಮ. ಒಳಗೆ ಹಾಕಿದವಳು ನಾನೇ, ಆದರೂ ಗೊತ್ತಿಲ್ಲ. ನಿದ್ದೆ ಹತ್ತಲ್ಲ ನನಗೆ. ಅವತ್ತು ಸಂಜೆ ನಿಮ್ಮ ಮಗ ತೆಗೆದ ಫೋಟೊ ಈ ಮನೆಯೊಳಗಿದೆ. ಯಾರೋ ಅದನ್ನ ಕದ್ದು ಅಳಿಸ್ತಾ ಇದ್ದಾರೆ. ಈಗ, ನಾವು ಇಲ್ಲಿ ನಿಂತಿರುವಾಗಲೇ. ಅದು ಹೋದರೆ ನಿಮ್ಮ ಮಗನನ್ನ ತಳ್ಳಿದ್ದು ಯಾರು ಅಂತ ನಿಮಗೂ ಎಂದೂ ಗೊತ್ತಾಗಲ್ಲ."

ಕಾವೇರಮ್ಮ ಬಾಗಿಲ ಕಡೆ ತಿರುಗಿದಳು. ಆಮೇಲೆ ತಾನೇ ಬಗ್ಗಿ ಬರಿಗೈಯಲ್ಲಿ ಮುಳ್ಳಿನ ಹೊರೆ ಎಳೆದಳು. ಬೆರಳಿನಿಂದ ರಕ್ತ ಬಂತು. ನವ್ಯಶ್ರೀ ಬುಟ್ಟಿ ಕೆಳಗಿಟ್ಟು ಸೊಂಟದಿಂದ ಬೀಗದ ಕೈ ತೆಗೆದಳು.

ಬೀರಯ್ಯ ಮುಳ್ಳಿನ ಆಚೆಯೇ ನಿಂತ. "ನಾನಿಲ್ಲೇ ಇರ್ತೀನಿ ಮೇಡಂ," ಎಂದ.

*

ಒಳಗೆ ಮುಚ್ಚಿದ ಮನೆಯ ಕಮಟು. ನಡುಮನೆಯ ಗೋಡೆಯಲ್ಲಿ ಸಣ್ಣ ಕೆಂಪು ಬಲ್ಬು. ಅದರ ಕೆಳಗೆ ಮನೋಹರನ ಫೋಟೊ, ಒಣಗಿದ ಸೇವಂತಿಗೆ ಹಾರ. ಮಗ್ಗುಲ ಕೋಣೆಯಿಂದ ನೀಲಿ ಬೆಳಕು ನೆಲದ ಮೇಲೆ ಬಿದ್ದಿತ್ತು.

ರಾಧಾಮಣಿ ಪಿಸ್ತೂಲಿನ ಮೇಲೆ ಕೈಯಿಟ್ಟು ಕೋಣೆಗೆ ನುಗ್ಗಿದಳು.

ಯಾರೂ ಇರಲಿಲ್ಲ.

ಕುರ್ಚಿ ಮೇಜಿನೊಳಕ್ಕೆ ತಳ್ಳಿದ ಹಾಗೇ ಇತ್ತು. ಕುರ್ಚಿಯ ಮೇಲೆ ದೂಳು, ಕೀಬೋರ್ಡಿನ ಮೇಲೆ ದೂಳು. ನೆಲದ ದೂಳಿನಲ್ಲಿ ಅವಳ ಬೂಟಿನ ಗುರುತು ಬಿಟ್ಟರೆ ಇನ್ನಾವ ಹೆಜ್ಜೆಯೂ ಇಲ್ಲ. ಆದರೆ ಪರದೆಯ ಮೇಲೆ ಬಾಣ ಓಡಾಡುತ್ತಿತ್ತು. ಇಲ್ಲಿಯೂ ಕೈಯಿಲ್ಲದೆ, ತನ್ನಷ್ಟಕ್ಕೆ ತಾನೇ.

ಹಿಂದಿನಿಂದ ಕಾವೇರಮ್ಮ "ಅಪ್ಪಾ!" ಎಂದು ಕೂಗಿದಳು.

ಮರುಗಳಿಗೆ ಅವಳಿಗೆ ಎಲ್ಲ ಹೊಳೆಯಿತು. ಈ ಮನೆಯೂ ಬರಿಯ ದಾರಿ. ಬೇರೆಲ್ಲೋ ಕೂತ ಒಬ್ಬ ಈ ಕಂಪ್ಯೂಟರಿನೊಳಗೆ ಬಂದು, ಇಲ್ಲಿಂದ ಆಫೀಸಿನ ಕಂಪ್ಯೂಟರಿಗೆ ಕೈ ಚಾಚುತ್ತಿದ್ದ. ಆಫೀಸಿನ ಪಾಸ್‌ವರ್ಡ್ ನೆನಪಿಟ್ಟುಕೊಂಡಿದ್ದುದು ಇದೊಂದೇ ಯಂತ್ರ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ತನ್ನ ಕಡೆಗೆ. ಮುಳ್ಳು ಹಾಕಿದ ಮನೆಗಿಂತ ಭದ್ರವಾದ ಮರೆ ಅವನಿಗೆ ಇನ್ನೆಲ್ಲಿ ಸಿಗಬೇಕು?

ಪರದೆಯ ನಡುವೆ ಹಸಿರು ಪಟ್ಟಿಯೊಂದು ಬೆಳೆಯುತ್ತಿತ್ತು. ಆ ಸಂಜೆಯ ಫೋಟೊಗಳು ಹಳ್ಳಿಯ ನಿಧಾನದ ಇಂಟರ್ನೆಟ್ಟಿನಲ್ಲಿ ಒಂದೊಂದಾಗಿ ಮನೆ ಬಿಟ್ಟು ಹೋಗುತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಹೋಗಿಯಾಗಿತ್ತು.

ಗೋಡೆಯ ಮೇಲೆ ಮಿನುಗುತ್ತಿದ್ದ ಇಂಟರ್ನೆಟ್ ಪೆಟ್ಟಿಗೆಗೆ ಅವಳು ಒಂದೇ ನೆಗೆತಕ್ಕೆ ಕೈ ಹಾಕಿ ವೈರು ಕಿತ್ತಳು.

ಹಸಿರು ಪಟ್ಟಿ ನಿಂತಿತು. ಬಾಣವೂ ನಿಂತಿತು. ಉಳಿದ ಫೋಟೊಗಳು ಉಳಿದವು. ರಾಧಾಮಣಿ ವೈರನ್ನು ಮುಷ್ಟಿಯಲ್ಲಿ ಹಿಡಿದೇ ದೀರ್ಘವಾಗಿ ಉಸಿರುಬಿಟ್ಟಳು.

ಹೊರಗೆ ಅಂಗಳದಲ್ಲಿ ಬೀರಯ್ಯನ ಮೊಬೈಲು ಹೊಡೆದುಕೊಳ್ಳತೊಡಗಿತು. ಅವಳು ಅದಕ್ಕೆ ಗಮನ ಕೊಡಲಿಲ್ಲ.

ಕಡಿದುಹೋದ ಸಂಪರ್ಕದ ಪೆಟ್ಟಿಗೆ ಪರದೆಯ ಮೂಲೆಯಲ್ಲಿ ಇನ್ನೂ ತೆರೆದಿತ್ತು. ಇಷ್ಟು ಹೊತ್ತು ಈ ಯಂತ್ರವನ್ನು ಆಡಿಸುತ್ತಿದ್ದುದರ ಹೆಸರು ಅಲ್ಲಿತ್ತು. ರಾಧಾಮಣಿ ಒಮ್ಮೆ ಓದಿದಳು, ನಂಬದೆ ಇನ್ನೊಮ್ಮೆ ಓದಿದಳು.

ಮನೋಹರ್ ಮೊಬೈಲ್.

"ಇದು ಹೇಗೆ ಸಾಧ್ಯ?" ಎಂದಳು ಗಟ್ಟಿಯಾಗಿ.

ಅಪಘಾತ ಎಂದುಕೊಂಡಿದ್ದ ಮೊದಲ ದಿನ ಮನೋಹರನ ಮೈಮೇಲಿದ್ದುದನ್ನೆಲ್ಲ ಪೊಲೀಸರು ಮನೆಯವರಿಗೇ ಕೊಟ್ಟಿದ್ದರು. ತಿಮ್ಮೇಶನ ಮೇಲೆ ಅನುಮಾನ ಬಂದಾಗ ಫೋನು ತರಲು ಬೀರಯ್ಯನನ್ನು ಕಳಿಸಿದವಳು ರಾಧಾಮಣಿಯೇ. ಅವನು ಬರಿಗೈಯಲ್ಲಿ ವಾಪಸಾಗಿದ್ದ. ಮಗನಿಗೆ ಇಷ್ಟವಾದ ವಸ್ತು ಅಂತ ತಾಯಿ ಅದನ್ನು ಹೆಣದ ಜೊತೆ ಮಣ್ಣು ಮಾಡಿಬಿಟ್ಟವ್ಳೆ ಎಂದಿದ್ದ.

"ಆ ಫೋನಾ?" ಕಾವೇರಮ್ಮ ಗೋಡೆ ಹಿಡಿದುಕೊಂಡಳು. "ನಾನೇ ನನ್ನ ಕೈಯಾರೆ ಅವ್ನ ಜೇಬಲ್ಲಿಟ್ಟು ಮಣ್ಣು ಹಾಕಿಸ್ದೆ. ಅಯ್ಯೋ ನನ್ನಪ್ಪಾ, ಅಲ್ಲಿಂದ ಎದ್ಬಂದ್ಯಾ?"

"ಇಲ್ಲ ಅತ್ತೆ."

ನವ್ಯಶ್ರೀಯ ದನಿ ಕೇಳಿಸಿದರೂ ಕೇಳಿಸದಂತಿತ್ತು. ಅವಳ ಕಣ್ಣು ತುಂಬಿತ್ತು.

"ನೀವು ಇಟ್ಟಿದ್ದು ಅವರ ಹಳೇ ಫೋನು. ಹೊಸದನ್ನ ನಾನೇ ಇಟ್ಟುಕೊಂಡೆ. ಅದ್ರಲ್ಲಿ ಅವರ ಮಾತಿತ್ತು ಅತ್ತೆ. ಬರ್ತಾ ಹೂವು ತರ್ತೀನಿ, ಊಟ ಮಾಡು, ಅಂತೆಲ್ಲ ಹೇಳಿ ಕಳಿಸಿದ್ದು. ಅದನ್ನ ಮಣ್ಣಿಗೆ ಹಾಕೋಕೆ ನನ್ನ ಕೈಲಾಗಲಿಲ್ಲ."

ರಾಧಾಮಣಿ ಅವಳ ಎರಡೂ ಭುಜ ಹಿಡಿದಳು. "ಈಗ ಎಲ್ಲಿದೆ ಅದು?"

"ಮೂರನೇ ದಿನದ ಹಾಲು ತುಪ್ಪಕ್ಕೆ ಬಂದು ಇಸ್ಕೊಂಡು ಹೋದ್ರಲ್ಲ ಮೇಡಂ. ಸ್ಟೇಷನ್ನಿಗೆ ಬೇಕು, ನೀವೇ ಕೇಳಿದ್ದೀರಿ ಅಂದ್ರು. ಅತ್ತೆಗೆ ಹೇಳ್ಬೇಡ, ನಾನೂ ಹೇಳಲ್ಲ ಅಂದ್ರು. ಲಾಕ್ ತೆಗೆಯೋದು ಹೆಂಗೆ ಅಂತಾನೂ ತೋರಿಸಿಕೊಟ್ಟೆ."

"ಯಾರು?"

ನವ್ಯಶ್ರೀ ರಾಧಾಮಣಿಯ ಹೆಗಲ ಮೇಲಿನಿಂದ ಹಿಂದಕ್ಕೆ ನೋಡಿದಳು.

ರಾಧಾಮಣಿ ತಿರುಗಿದಳು. ಕೋಣೆಯ ಬಾಗಿಲಲ್ಲಿ ಬೀರಯ್ಯ ನಿಂತಿದ್ದ. ಮುಳ್ಳಿನ ಆಚೆಯೇ ಉಳಿದಿದ್ದ ಮನುಷ್ಯ ಮುಳ್ಳಿನ ಮೇಲೆಯೇ ನಡೆದು ಬಂದಿದ್ದ. ಪ್ಯಾಂಟಿನ ಅಂಚಿಗೆ ಜಾಲಿ ಕಡ್ಡಿ ಕಚ್ಚಿಕೊಂಡಿತ್ತು. ಅವನ ಮುಖದಲ್ಲಿ ಈಗ ದೆವ್ವದ ಹೆದರಿಕೆ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದೇನೋ ಇತ್ತು.

ಆಫೀಸಿನಲ್ಲಿ ಕೈ ಹಿಡಿದದ್ದು, ದಾರಿಯಲ್ಲಿ ನಿಂಬೆಹಣ್ಣಿಗೆ ನಿಂತದ್ದು ಎಲ್ಲವೂ ಅವಳ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಅವಳಿಗೆ ಸಿಟ್ಟಿಗಿಂತ ಮೊದಲು ಬಂದದ್ದು ದುಃಖ.

"ಯಾರಿಗೆ ಕೊಟ್ರಿ ಫೋನು?" ಎಂದಳು.

"ಅದೆಲ್ಲ ಆಮೇಲೆ ಕೇಳಿ. ಬೇಕಾದ್ರೆ ನನ್ನನ್ನೂ ಒಳಗಾಕಿ," ಎಂದ ಬೀರಯ್ಯ. "ಈಗ ಆ ವೈರು ವಾಪಸ್ ಸಿಗ್ಸಿ ಮೇಡಂ. ನಿಮ್ಮ ದಮ್ಮಯ್ಯ."

"ಸಿಗಿಸದಿದ್ದರೆ?"

ಬೀರಯ್ಯ ತನ್ನ ಮೊಬೈಲನ್ನು ಅವಳ ಕಡೆಗೆ ಚಾಚಿದ. ಕರೆ ಇನ್ನೂ ನಡೆಯುತ್ತಲೇ ಇತ್ತು. ರಾಧಾಮಣಿ ಅದನ್ನು ಕಿವಿಗೆ ಹಿಡಿದಳು. ಯಾರೋ ನೋವಿನಿಂದ ಉಸಿರೆಳೆದುಕೊಳ್ಳುತ್ತಿದ್ದ ಸದ್ದು ಕೇಳಿಸಿತು. ಸುತ್ತ ಇನ್ನೂ ಕೆಲವರು ಇದ್ದಂತಿತ್ತು. ಕಬ್ಬಿಣದ ಬಾಗಿಲೊಂದು ಮುಚ್ಚಿಕೊಂಡಿತು.

ಆಮೇಲೆ ಜೈಲಿನೊಳಗಿಂದ ತಿಮ್ಮೇಶನ ದನಿ ಬಂತು.

"ಮೇಡಂ... ಆ ಫೋಟೊ ಓಗ್ಲಿ ಬುಡಿ. ವೈರು ಹಾಕ್ಬುಡಿ. ಇಲ್ದಿದ್ರೆ ಇವ್ರು ನನ್ನ ಜೀವಂತ ಬುಡಕ್ಕಿಲ್ಲ. ನಮ್ಮವ್ವ ಇನ್ನೂ ಮರದ ಕೆಳಗೇ ಕೂತವ್ಳಾ? ಅವಳಿಗೆ ಮಾತ್ರ ಏನೂ ಏಳ್ಬ್ಯಾಡಿ."